ಬಾಲಿ ಯಾತ್ರೆಗೆ ಹೋಗುವವರು ಬೆಳಗಿನ ಜಾವ ನಾಲ್ಕಕ್ಕೆ ಏಳಿ

ನಮ್ಮೂರು ಭೀಮಸಮುದ್ರ, ಚಿತ್ರದುರ್ಗ ತಾಲ್ಲೂಕು. ಹೆಸರಲ್ಲಿ ಸಮುದ್ರ ಇದೆ, ಊರಲ್ಲಿ ಇರುವುದು ಒಂದು ಕೆರೆ. ನಮ್ಮ ಸೀಮೆಯವರು ಮೊದಲಿಂದಲೂ ಹೀಗೇ. ನೀರು ಸ್ವಲ್ಪ ಜಾಸ್ತಿ ನಿಂತರೆ ಸಾಕು, ಸಮುದ್ರ ಅಂತಾರೆ, ಸಾಗರ ಅಂತಾರೆ. ಮಾರಿಕಣಿವೆ ವಾಣಿವಿಲಾಸ ಸಾಗರ ಆಯ್ತು, ಸೂಳೆಕೆರೆ ಶಾಂತಿಸಾಗರ ಆಯ್ತು. ನಿಜವಾದ ಸಮುದ್ರ ನೋಡಬೇಕು ಅಂದ್ರೆ ಘಟ್ಟ ಇಳಿಯಬೇಕು. ಇಂಥ ಊರಿನವನು ಕಡಲ ವ್ಯಾಪಾರದ ನೆನಪಿಗೆ ನಡೆಯುವ ಜಾತ್ರೆಗೆ ಹೋಗಿ ಬಂದು, ಅದು ಹೇಗಿತ್ತು ಅಂತ ಬರೆಯಲು ಕೂತಿದ್ದೇನೆ. ನಗಬೇಡಿ.

ಜಾತ್ರೆ ಒಡಿಶಾದ ಕಟಕ್‌ನದು. ಹೆಸರು ಬಾಲಿ ಯಾತ್ರಾ. ಅಲ್ಲಿಯವರ ಬಾಯಲ್ಲಿ ‘ಬಾಲಿ ಜಾತ್ರಾ’. ನಮ್ಮ ಜಾತ್ರೆಗೂ ಅವರ ಜಾತ್ರಾಗೂ ಒಂದು ದೀರ್ಘದಷ್ಟೇ ವ್ಯತ್ಯಾಸ. ಪ್ರತಿ ವರ್ಷ ಕಾರ್ತಿಕ ಹುಣ್ಣಿಮೆಗೆ ಶುರುವಾಗಿ ಒಂದು ವಾರ ನಡೆಯುತ್ತೆ. ಹಿಂದೆ ಕಳಿಂಗದ, ಅಂದ್ರೆ ಈಗಿನ ಒಡಿಶಾ ಕಡೆಯ, ವ್ಯಾಪಾರಿಗಳು ಹಡಗು ಹತ್ತಿ ಬಾಲಿ, ಜಾವಾ, ಸುಮಾತ್ರಾ, ಬೋರ್ನಿಯೋ, ಸಿಂಹಳದ ಕಡೆ ಹೋಗುತ್ತಿದ್ದರಲ್ಲ, ಆ ಪ್ರಯಾಣದ ನೆನಪು ಇದು. ನಾವು ಹೋಗಿದ್ದು 2024ರಲ್ಲಿ. ಆ ಸಲ ಹುಣ್ಣಿಮೆ ನವೆಂಬರ್ 15, ಶುಕ್ರವಾರ ಬಿದ್ದಿತ್ತು.

ಪೂರ್ತಿ ಓದುವಷ್ಟು ಪುರುಸೊತ್ತು ಇಲ್ಲದವರಿಗೆ ಈಗಲೇ ಹೇಳಿಬಿಡುತ್ತೇನೆ. ಸಂಜೆಯ ಜಾತ್ರೆಗೆ ಐದರಲ್ಲಿ ಮೂರು. ಬೆಳಗಿನ ಜಾವ ನದಿಯಲ್ಲಿ ದೋಣಿ ಬಿಡುವುದಕ್ಕೆ ಐದಕ್ಕೆ ಐದು. ಬಹಳ ಜನ ಸಂಜೆಯದನ್ನು ಮಾತ್ರ ನೋಡಿ ‘ಎಕ್ಸಿಬಿಷನ್ ಇದ್ದ ಹಾಗಿದೆ ಕಣ್ರೀ’ ಅಂತ ವಾಪಸ್ ಬರುತ್ತಾರೆ. ನಾವೂ ಹಾಗೇ ಬರುವವರಿದ್ದೆವು.

ನಾನು ಮೂವತ್ತು ವರ್ಷದಿಂದ ಅಡಿಕೆ ವ್ಯಾಪಾರ ಮಾಡುವವನು. ದೊಡ್ಡ ಸಾಹುಕಾರ ಅಲ್ಲ. ರೈತರ ಹತ್ತಿರ ಚೇಣಿ ಹಿಡಿಯುವುದು (ತೋಟದ ಫಸಲು ಗುತ್ತಿಗೆಗೆ ತಗೊಳ್ಳುವುದು), ಸುಲಿಸುವುದು, ಬೇಯಿಸಿ ಒಣಗಿಸಿ ಮಂಡಿಗೆ ಹಾಕುವುದು, ಅಷ್ಟೇ. ಕಾರ್ತಿಕದಲ್ಲಿ ನಮಗೆ ಕೊಯ್ಲು. ಆ ಹೊತ್ತಲ್ಲಿ ಮನೆ ಬಿಟ್ಟು ಹೋಗುವುದು ಅಂದ್ರೆ ಮದುವೆ ಮನೆಯಲ್ಲಿ ಅಡುಗೆಯವನು ಓಡಿಹೋದ ಹಾಗೆ. ಆದರೆ ನಮ್ಮ ಷಡ್ಡಕರು ದಾವಣಗೆರೆಯವರು. ರಿಟೈರ್ ಆಗಿದ್ದಾರೆ, ಕೈತುಂಬಾ ಟೈಮಿದೆ. ಜಗನ್ನಾಥನನ್ನು ನೋಡಲೇಬೇಕು ಅಂತ ಅತ್ತಿಗೆ ಹಟ ಹಿಡಿದಿದ್ದರು. ಷಡ್ಡಕರು ಟಿಕೆಟ್ ಮಾಡಿಸಿ ಆಮೇಲೆ ಫೋನ್ ಮಾಡಿದರು.

‘ಅಣ್ಣಾ, ನಿಮ್ಮಿಬ್ಬರದೂ ಸೇರಿಸಿ ಬುಕ್ ಮಾಡೀನಿ. ಪುರಿ ಮುಗಿಸಿ ಕಟಕ್‌ಗೆ ಹೋಗೋಣ. ಅಲ್ಲೊಂದು ಜಾತ್ರೆ ಐತಂತೆ, ಹಡಗಿನ ಜಾತ್ರೆ.’

‘ಹಡಗಿನ ಜಾತ್ರೆ ಕಟ್ಕೊಂಡು ನನಗೇನಾಗಬೇಕು? ಇಲ್ಲಿ ಅಂಗಳದ ತುಂಬ ಅಡಿಕೆ ಹರಡೀನಿ’ ಅಂದೆ. ನನ್ನ ಹೆಂಡತಿ ಪಕ್ಕದಲ್ಲೇ ಇದ್ದವಳು, ‘ರೀ, ಅಡಿಕೆ ಎಲ್ಲಿಗೂ ಓಡಿ ಹೋಗಲ್ಲ, ಸುಮ್ನೆ ಹೂಂ ಅನ್ರೀ’ ಅಂದಳು. ಹೂಂ ಅಂದೆ.

ಹೊಸಪೇಟೆಗೆ ಹೋಗಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದೆವು. ದುರ್ಗ, ದಾವಣಗೆರೆ ಕಡೆಯವರಿಗೆ ಬೆಂಗಳೂರಿಗೆ ಹೋಗಿ ರೈಲು ಹಿಡಿಯುವುದಕ್ಕಿಂತ ಇದು ವಾಸಿ. ಗುಂಟೂರು, ವಿಜಯವಾಡ, ವಿಶಾಖಪಟ್ಟಣ ದಾಟಿ ಭುವನೇಶ್ವರ. ಒಂದು ಹಗಲು, ಒಂದು ರಾತ್ರಿ ಆದ ಮೇಲೂ ರೈಲು ಇನ್ನೂ ಹೋಗುತ್ತಲೇ ಇರುತ್ತೆ, ರೊಟ್ಟಿ ಚಟ್ನಿಪುಡಿ ಜಾಸ್ತಿ ಕಟ್ಟಿಕೊಳ್ಳಿ. ಪುರಿಯ ವಿಷಯ ಬರೆಯಲ್ಲ, ಅದನ್ನು ಬರೆದವರು ಬೇಕಾದಷ್ಟು ಜನ ಇದ್ದಾರೆ. ಭುವನೇಶ್ವರದಿಂದ ಕಟಕ್‌ಗೆ ಮೂವತ್ತು ಕಿಲೋಮೀಟರ್ ಒಳಗೆ. ಬಸ್ಸು ಸಲೀಸಾಗಿ ಸಿಗುತ್ತೆ.

ದಾರಿಯಲ್ಲಿ ಧೌಲಿಗೆ ಹೋಗಿದ್ದೆವು. ಅಶೋಕನ ಶಾಸನ ಇರುವ ಬಂಡೆ, ಮೇಲೊಂದು ಕಲ್ಲಿನ ಆನೆ. ಷಡ್ಡಕರು ಫೋಟೋ ತೆಗೆಯುತ್ತಾ ‘ಕಳಿಂಗ ಯುದ್ಧ ಇಲ್ಲೇ ಆಗಿದ್ದಂತೆ’ ಅಂದರು. ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಇರುವುದೂ ಅದೇ ಅಶೋಕನ ಶಾಸನ. ಆಗಲೇ ನನಗೆ ಒಂಥರಾ ಅನ್ನಿಸಿತ್ತು. ಇಷ್ಟು ದೂರ ಬಂದು ಊರ ಪಕ್ಕದ ಬಂಡೆಯನ್ನೇ ನೋಡಿದ ಹಾಗೆ.

ಕಟಕ್‌ನಲ್ಲಿ ರೂಮಿನ ವಿಷಯ ಮೊದಲೇ ಹೇಳುತ್ತೇನೆ. ಜಾತ್ರೆ ವಾರದಲ್ಲಿ ರೂಮ್ ಸಿಗಲ್ಲ, ಸಿಕ್ಕರೆ ರೇಟ್ ಕೇಳಬಾರದು. ಫೋನಲ್ಲಿ ಒಂದು ರೇಟ್ ಹೇಳಿದ್ದ ಲಾಡ್ಜಿನವನು ನಾವು ಹೋಗಿ ಚೀಲ ಇಳಿಸಿದ ಮೇಲೆ ಎರಡರಷ್ಟು ಹೇಳಿದ. ರಾತ್ರಿ ಆಗಿತ್ತು, ಹೆಂಗಸರು ಜೊತೆಗಿದ್ದರು, ಕೊಟ್ಟೆವು. ನೀವು ಹೋಗುವುದಾದರೆ ಭುವನೇಶ್ವರದಲ್ಲೇ ಉಳಿದು ಓಡಾಡಿ. ಆದರೆ ಆಗ ಬೆಳಗಿನ ಜಾವದ ದೋಣಿಗೆ ಬರಲು ರಾತ್ರಿ ಮೂರಕ್ಕೇ ಹೊರಡಬೇಕು. ನಿಮ್ಮಿಷ್ಟ.

ಈಗ ಮುಖ್ಯ ವಿಷಯ.

ಹುಣ್ಣಿಮೆ ದಿನ ನಾಲ್ಕಕ್ಕೆ ಎದ್ದು ಗಡಗಡಿಯಾ ಘಾಟಿಗೆ ನಡೆದೆವು. ಮಹಾನದಿ ದಡ. ಹತ್ತಿರದಲ್ಲೇ ಬಾರಾಬತಿ ಕೋಟೆ. ಕತ್ತಲು, ಸಣ್ಣ ಚಳಿ, ದಾರಿ ತುಂಬ ಜನ. ಎಲ್ಲರ ಕೈಯಲ್ಲೂ ಒಂದೊಂದು ದೋಣಿ. ಅಜ್ಜಿಯರು, ಬಾಣಂತಿಯರು, ಸ್ಕೂಲ್ ಬ್ಯಾಗಿನ ಸೈಜಿನ ದೋಣಿಯನ್ನು ತಲೆ ಮೇಲೆ ಹೊತ್ತ ಹುಡುಗರು. ಯಾರೂ ಕೂಗಾಡುತ್ತಿರಲಿಲ್ಲ. ನಮ್ಮಲ್ಲಿ ನಾಯಕನಹಟ್ಟಿ ತೇರಿನ ದಿನ ನೀವು ನೋಡಿರುತ್ತೀರಲ್ಲ, ಆ ನೂಕಾಟ ಇಲ್ಲಿ ಇರಲಿಲ್ಲ. ಜನ ಮಾತ್ರ ಕಮ್ಮಿ ಏನಿರಲಿಲ್ಲ.

ದಡದಲ್ಲಿ ಒಬ್ಬ ಹೆಂಗಸು ದೋಣಿ ಮಾಡಿ ಮಾರುತ್ತಿದ್ದರು. ಅರವತ್ತರ ಮೇಲಿನ ವಯಸ್ಸು. ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿದೆ. ಕೈಕೆಲಸ ನೋಡುವುದು ನನಗೊಂದು ಚಟ. ಬಾಳೆ ದಿಂಡಿನಿಂದ ಮೊಳದುದ್ದದ ಪಟ್ಟೆ ಬಿಡಿಸಿಕೊಂಡರು. ಪಟ್ಟೆ ತನ್ನಷ್ಟಕ್ಕೇ ಬಾಗಿರುತ್ತೆ, ದೋಣಿಯ ಹೊಟ್ಟೆ ಅದೇ. ಎರಡೂ ತುದಿಯನ್ನು ಮೇಲಕ್ಕೆ ಮಡಿಸಿ ಬಿದಿರು ಕಡ್ಡಿ ಚುಚ್ಚಿದರು. ಮೂತಿ ಎದ್ದಿತು. ನಡುವೆ ಅಡ್ಡಡ್ಡ ಎರಡು ಕಡ್ಡಿ, ಪಟ್ಟೆ ಮುದುರಿಕೊಳ್ಳದ ಹಾಗೆ. ಇನ್ನೊಂದು ಕಡ್ಡಿ ನೆಟ್ಟಗೆ ನಿಲ್ಲಿಸಿ ಅದಕ್ಕೆ ಕೆಂಪು ಕಾಗದದ ಪಟ. ಎರಡು ನಿಮಿಷ ಹಿಡಿಯಲಿಲ್ಲ. ಆಮೇಲೆ ಒಳಗೆ ಚೆಂಡುಹೂವು, ಒಂದು ಮಣ್ಣಿನ ಹಣತೆ. ಹಣತೆ ಪಕ್ಕದಲ್ಲಿ ಒಂದು ವೀಳ್ಯದೆಲೆ ಇಟ್ಟು, ಅದರ ಮೇಲೆ ಒಂದು ಅಡಿಕೆ ಇಟ್ಟರು.

ಅಡಿಕೆ!

ನನ್ನ ಹೆಂಡತಿ ನನ್ನ ಮುಖ ನೋಡಿ ನಕ್ಕಳು. ‘ಎಲ್ಲಿಗೂ ಓಡಿ ಹೋಗಲ್ಲ ಅಂದಿದ್ದೆ, ನಮಗಿಂತ ಮುಂಚೆ ಬಂದು ಕೂತೈತೆ ನೋಡ್ರಿ’ ಅಂದಳು.

ಐವತ್ತು ರೂಪಾಯಿ ಕೊಟ್ಟು ಒಂದು ದೋಣಿ ತಗೊಂಡೆ. ಅಡಿಕೆಯನ್ನು ಎತ್ತಿ ಕೈಯಲ್ಲಿ ತಿರುಗಿಸಿ ನೋಡಿದೆ. ಅಭ್ಯಾಸ, ಏನು ಮಾಡುವುದು. ನಮ್ಮ ಕಡೆಯ ಕೆಂಪಡಿಕೆ ಅಲ್ಲ ಅದು. ನಾವು ಎಳೆಗಾಯಿ ಸುಲಿದು, ಬೇಯಿಸಿ, ಚೊಗರು (ಅಡಿಕೆ ಬೇಯಿಸಿದ ಮಂದ ನೀರು) ಹಾಕಿ ಬಣ್ಣ ಬರಿಸುತ್ತೇವೆ. ಇದು ಹಣ್ಣಾದ ಮೇಲೆ ಸಿಪ್ಪೆ ಸಮೇತ ಬಿಸಿಲಲ್ಲಿ ಒಣಗಿಸಿ ಸುಲಿದ ಬಿಳಿ ಚಾಲಿ. ಗುಂಡಗಿತ್ತು, ಕೆಳಗೆ ಸ್ವಲ್ಪ ಚಪ್ಪಟೆ. ನಾನು ಅಷ್ಟು ಹೊತ್ತು ನೋಡುವುದನ್ನು ಕಂಡು ಆ ಹೆಂಗಸು ಏನೋ ಕೇಳಿದರು. ನನಗೆ ಒಡಿಯಾ ಬರಲ್ಲ. ನನ್ನ ಹಿಂದಿ ಲಾರಿ ಡ್ರೈವರುಗಳ ಜೊತೆ ಜಗಳ ಆಡುವಷ್ಟಕ್ಕೆ ಮಾತ್ರ ಸಾಕು.

ಅಷ್ಟರಲ್ಲಿ ಹಿಂದಿನಿಂದ ‘ಸರ್, ಕರ್ನಾಟಕನಾ? ಊಟ ಆಯ್ತಾ?’ ಅಂತ ಕೇಳಿಸಿತು. ಬೆಳಗಿನ ಜಾವ ಐದು ಗಂಟೆಗೆ! ಇಪ್ಪತ್ತೈದರ ಹುಡುಗ. ಪೀಣ್ಯದಲ್ಲಿ ನಾಲ್ಕು ವರ್ಷ ಕೆಲಸ ಮಾಡಿದವನಂತೆ. ಕನ್ನಡ ಅಷ್ಟು ಇಷ್ಟು ಬರುತ್ತೆ. ತಾಯಿ, ತಂಗಿಯನ್ನು ಕರೆದುಕೊಂಡು ದೋಣಿ ಬಿಡಲು ಬಂದಿದ್ದ. ಅವನೇ ನಮಗೂ ಆ ಹೆಂಗಸಿಗೂ ನಡುವೆ ನಿಂತ. ನಾನು ಅಡಿಕೆ ವ್ಯಾಪಾರಿ ಅಂತ ಅವನು ಹೇಳಿದ್ದೇ ತಡ, ಆಕೆ ಜೋರಾಗಿ ನಕ್ಕು, ತಮ್ಮ ಬುಟ್ಟಿಯಿಂದ ಇನ್ನೊಂದು ಅಡಿಕೆ ತೆಗೆದು ನನ್ನ ಕೈಗೆ ಹಾಕಿದರು. ದುಡ್ಡು ತಗೊಳ್ಳಲಿಲ್ಲ.

ದೋಣಿ ಬಿಡುವಾಗ ಎಲ್ಲರೂ ಒಂದು ಸಾಲು ಹೇಳುತ್ತಾರೆ. ಹುಡುಗ ನನಗೆ ನಿಧಾನಕ್ಕೆ ಹೇಳಿಕೊಟ್ಟ: ‘ಆ ಕಾ ಮಾ ಬೈ, ಪಾನ ಗುಆ ಥೋಇ, ಪಾನ ಗುಆ ತೋರ, ಮಾಸಕ ಧರಮ ಮೋರ.’ ಪಾನ ಅಂದ್ರೆ ಎಲೆ, ಗುಆ ಅಂದ್ರೆ ಅಡಿಕೆ. ಎಲೆ ಅಡಿಕೆ ನಿನಗೆ, ತಿಂಗಳ ಪುಣ್ಯ ನನಗೆ, ಅಂತ ಅರ್ಥ. ಮೊದಲಿನ ಆ, ಕಾ, ಮಾ, ಬೈ ಅನ್ನುವುದು ಆಷಾಢ, ಕಾರ್ತಿಕ, ಮಾಘ, ವೈಶಾಖದ ಮೊದಲ ಅಕ್ಷರಗಳು ಅಂತ ಹೇಳುತ್ತಾರೆ. ಕೊಡು ತಗೋ ಲೆಕ್ಕ ಇಷ್ಟು ಚೊಕ್ಕ ಇರುವ ಪ್ರಾರ್ಥನೆ ನಾನು ಇನ್ನೊಂದು ಕೇಳಿಲ್ಲ. ವ್ಯಾಪಾರಿಗಳ ಹಬ್ಬ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಈ ದೋಣಿ ಬಿಡುವ ಆಚಾರಕ್ಕೆ ‘ಬೊಯಿತ ಬಂದಾಣ’ ಅಂತ ಹೆಸರು. ಬೊಯಿತ ಅಂದ್ರೆ ಹಳೆ ಕಾಲದ ದೊಡ್ಡ ಹಡಗು. ಅದರಲ್ಲಿ ಹೋಗುತ್ತಿದ್ದ ವ್ಯಾಪಾರಿಗಳಿಗೆ ‘ಸಾಧಬ’ ಅಂತಾರೆ. ಕಾರ್ತಿಕದಲ್ಲೇ ಯಾಕೆ ಹೊರಡುತ್ತಿದ್ದರು ಅಂದ್ರೆ ಗಾಳಿ. ಮುಂಗಾರಿನ ಗಾಳಿ ನಿಂತು, ಈಶಾನ್ಯದ ಹಿಂಗಾರಿನ ಗಾಳಿ ಶುರುವಾಗುವ ಹೊತ್ತು ಇದು. ಹಾಯಿ ಹಡಗು ದಂಡೆ ಹಿಡಿದು ದಕ್ಷಿಣಕ್ಕೆ ಇಳಿಯುವುದು ಆಗ ಸುಲಭ. ವಾಪಸ್ ಬರಲು ಮತ್ತೆ ಮುಂಗಾರಿನ ಗಾಳಿಗೆ ಕಾಯಬೇಕು. ಅಂದ್ರೆ ಹೋದವರು ತಿಂಗಳುಗಟ್ಟಲೆ ಮನೆಗೆ ಇಲ್ಲ. ಅಷ್ಟು ದಿನ ಮನೆಯಲ್ಲಿ ಉಳಿದವರು ಹೆಂಗಸರು. ದೋಣಿ ಬಿಡುವವರಲ್ಲಿ ಹೆಂಗಸರೇ ಯಾಕೆ ಮುಂದೆ ಇರುತ್ತಾರೆ ಅಂತ ನನ್ನ ಹೆಂಡತಿಗೆ ಇದನ್ನು ಕೇಳಿದ ಮೇಲೆ ತಿಳಿಯಿತು. ನನಗಿಂತ ಬೇಗ ತಿಳಿಯಿತು.

ಹುಡುಗನ ತಾಯಿ ಅವಳಿಗೆ ತಾಪೊಯಿಯ ಕಥೆ ಹೇಳಿದರು. ಒಬ್ಬ ಸಾಧಬನಿಗೆ ಏಳು ಗಂಡು ಮಕ್ಕಳು, ಒಬ್ಬಳೇ ಹೆಣ್ಣು ಮಗಳು, ತಾಪೊಯಿ. ಅಣ್ಣಂದಿರೆಲ್ಲ ಹಡಗು ಹತ್ತಿ ಹೋದ ಮೇಲೆ ಅತ್ತಿಗೆಯರು ಆ ಹುಡುಗಿಗೆ ಆಡು ಕಾಯಲು ಹಚ್ಚಿದರು, ನುಚ್ಚು ತಿನ್ನಿಸಿದರು. ಅವಳು ಮಂಗಳಾದೇವಿಗೆ ಹರಕೆ ಹೊತ್ತಳು, ಅಣ್ಣಂದಿರು ವಾಪಸ್ ಬಂದರು. ಒಡಿಶಾದ ಹೆಣ್ಣುಮಕ್ಕಳು ಈಗಲೂ ಭಾದ್ರಪದದ ಭಾನುವಾರಗಳಲ್ಲಿ ಇದಕ್ಕೊಂದು ವ್ರತ ಮಾಡುತ್ತಾರೆ. ಕಥೆ ಮುಗಿಯುವ ಹೊತ್ತಿಗೆ ನಮ್ಮ ಅತ್ತಿಗೆ ‘ಎಲ್ಲಾ ಊರಲ್ಲೂ ಅತ್ತಿಗೇರೇ ಕೆಟ್ಟೋರು, ಅಲ್ವಾ?’ ಅಂತ ಮೂತಿ ಉಬ್ಬಿಸಿದರು.

ಆಮೇಲೆ ನೀರಿಗಿಳಿದೆವು. ಮೊಣಕಾಲುದ್ದ. ನನ್ನ ಹೆಂಡತಿ ದೀಪ ಹಚ್ಚಿ ದೋಣಿಯನ್ನು ತಳ್ಳಿದಳು. ಮೊದಲು ಅದು ತಿರುಗಿ ನಮ್ಮ ಕಡೆಗೇ ಬಂತು. ಪಕ್ಕದ ಅಜ್ಜಿಯೊಬ್ಬರು ಕೈಯಿಂದ ನೀರು ತಳ್ಳಿ ಅಲೆ ಮಾಡುವುದನ್ನು ತೋರಿಸಿದರು. ಹಾಗೆ ಮಾಡಿದ ಮೇಲೆ ಹೊರಟಿತು. ಮುಂದೆ ಸಾವಿರಾರು ದೀಪ, ಎಲ್ಲವೂ ಒಂದೇ ದಿಕ್ಕಿಗೆ ನಿಧಾನಕ್ಕೆ ಸರಿಯುತ್ತಿದ್ದವು. ಮಹಾನದಿಯ ಆಚೆ ದಡ ಮಂಜಲ್ಲಿ ಕಾಣುತ್ತಲೇ ಇರಲಿಲ್ಲ. ನಮ್ಮ ದೋಣಿ ಯಾವುದು ಅಂತ ಕೆಂಪು ಪಟ ನೋಡಿ ಸ್ವಲ್ಪ ಹೊತ್ತು ಗುರುತು ಹಿಡಿದೆವು, ಆಮೇಲೆ ತಪ್ಪಿಹೋಯಿತು.

ಒಂದು ಬೇಜಾರು. ಬೆಳಕು ಹರಿದ ಮೇಲೆ ನೋಡಿದರೆ ಬಾಳೆ ಪಟ್ಟೆಯ ದೋಣಿಗಳ ಜೊತೆ ಥರ್ಮೋಕೋಲಿನವೂ ತೇಲುತ್ತಿದ್ದವು. ಬಾಳೆಯದು ನಾಲ್ಕು ದಿನಕ್ಕೆ ಕೊಳೆತು ಮೀನಿಗೆ ಆಗುತ್ತೆ. ಥರ್ಮೋಕೋಲು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹಾಗೇ ಇರುತ್ತೆ. ನೀವು ಹೋದರೆ ಬಾಳೆಯದೇ ತಗೊಳ್ಳಿ. ಚೌಕಾಸಿ ಮಾಡಬೇಡಿ.

ಅಂದಹಾಗೆ ಅದೇ ಹುಣ್ಣಿಮೆಗೆ ಥಾಯ್ಲೆಂಡಿನಲ್ಲಿ ‘ಲೋಯ್ ಕ್ರಥೋಂಗ್’ ಅಂತ ಹಬ್ಬ. ಅವರೂ ಬಾಳೆ ದಿಂಡಿನ ಮೇಲೆ ಹೂವು, ದೀಪ ಇಟ್ಟು ನೀರಿಗೆ ಬಿಡುತ್ತಾರೆ. ಬಾಲಿಯಲ್ಲೂ ಇಂಥದೇ ಒಂದು ಆಚಾರ ಇದೆಯಂತೆ. ಇದನ್ನೆಲ್ಲ ನನ್ನ ಮಗಳು ವಾಟ್ಸಾಪಿನಲ್ಲಿ ಕಳಿಸಿದ್ದು. ಅವಳು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ನಾನು ದೋಣಿಯ ಫೋಟೋ ಕಳಿಸಿದೆ, ಅವಳು ನನಗೊಂದು ಕ್ಲಾಸೇ ತಗೊಂಡಳು. ಅದರ ವಿಷಯ ಮುಂದೆ ಹೇಳುತ್ತೇನೆ.

ಸಂಜೆ ಜಾತ್ರೆಗೆ ಹೋದೆವು. ಒಳಗೆ ಹೋಗಲು ಟಿಕೆಟ್ ಇಲ್ಲ. ನದಿ ದಡದ ಮೈದಾನ, ಮೇಲಿನದು ಒಂದು, ಕೆಳಗಿನದು ಒಂದು. ಎಷ್ಟು ಅಂಗಡಿ ಅಂತ ಎಣಿಸುವುದು ಬಿಡಿ, ಒಂದು ಸುತ್ತು ಹಾಕುವುದಕ್ಕೇ ನಮಗೆ ಮೂರು ಗಂಟೆ ಹಿಡಿಯಿತು. ದಾವಣಗೆರೆ ದುಗ್ಗಮ್ಮನ ಜಾತ್ರೆಯನ್ನು ಹತ್ತು ಪಟ್ಟು ಮಾಡಿ ನದಿ ಪಕ್ಕ ಹರಡಿದ ಹಾಗೆ ಅಂದ್ಕೊಳ್ಳಿ. ಜೈಂಟ್ ವ್ಹೀಲ್, ಪ್ಲಾಸ್ಟಿಕ್ ಡಬ್ಬಿ, ಸೋಫಾ, ಕಂಬಳಿ, ಉಪ್ಪಿನಕಾಯಿ, ‘ಯಾವುದು ತಗೊಂಡ್ರೂ ಮೂವತ್ತು’. ಮೈಕು ಒಂದರ ಮೇಲೊಂದು. ಮರಳು ನೆಲ, ಮೇಲೆ ಧೂಳು. ಅತ್ತಿಗೆಗೆ ಕೆಮ್ಮು ಬಂತು. ಬಾಲಿಯ ಹೆಸರಿನ ಜಾತ್ರೆಯಲ್ಲಿ ಬಾಲಿಯನ್ನು ಹುಡುಕಿದೆ. ನಮ್ಮ ಕಣ್ಣಿಗೆ ಬಿದ್ದಿದ್ದು ದೊಡ್ಡ ಹಡಗಿನ ಆಕಾರದ ಒಂದು ಕಮಾನು, ಮುಂದೆ ಸೆಲ್ಫಿ ತಗೊಳ್ಳುವವರ ಸಾಲು.

ಹೆಸರಿನ ಬಗ್ಗೆಯೂ ಒಂದು ಜಗಳ ಇದೆ. ‘ಬಾಲಿ’ ಅಂದ್ರೆ ಒಡಿಯಾದಲ್ಲಿ ಮರಳು. 1510ರಲ್ಲಿ ಬಂಗಾಳದ ಕೃಷ್ಣಭಕ್ತ ಸಂತ ಚೈತನ್ಯ ಮಹಾಪ್ರಭು ಪುರಿಗೆ ಹೋಗುವಾಗ ಇದೇ ಘಾಟಿನ ಮರಳ ದಂಡೆಗೆ ಬಂದಿಳಿದರು, ಆ ನೆನಪಿಗೆ ಬಾಲಿ ಯಾತ್ರಾ, ಹಡಗಿಗಲ್ಲ ಅಂತ ಹೇಳುವವರೂ ಅಲ್ಲಿದ್ದಾರೆ. ನನಗೆ ಎರಡೂ ಇರಲಿ ಅನ್ನಿಸಿತು. ಜಾತ್ರೆ ಅಂದ ಮೇಲೆ ನಾಲ್ಕು ಕಥೆ ಇರಲೇಬೇಕು. ನಮ್ಮೂರ ದೇವರಿಗೂ ಎರಡು ಊರಿನವರು ನಮ್ಮದು ಅಂತಾರೆ.

ತಿಂಡಿ ವಿಷಯಕ್ಕೆ ಬಂದರೆ ಮಾರ್ಕ್ಸ್ ಏರುತ್ತೆ. ಕಟಕ್‌ನ ದಹಿಬರಾ ಆಲೂದಮ್ ತಿನ್ನದೆ ಬರಬೇಡಿ. ನಮ್ಮ ಮೊಸರು ವಡೆ ಗಟ್ಟಿ ಮೊಸರಲ್ಲಿ ಮುಳುಗಿ ಕೂತಿರುತ್ತೆ. ಇಲ್ಲಿ ವಡೆ ನೀರು ಮಜ್ಜಿಗೆಯಲ್ಲಿ ನೆನೆದು ಹತ್ತಿ ಹಾಗೆ ಆಗಿರುತ್ತೆ. ಎಲೆ ದೊನ್ನೆಗೆ ಐದಾರು ವಡೆ ಹಾಕಿ, ಮೇಲೆ ಖಾರದ ಆಲೂಗಡ್ಡೆ ಪಲ್ಯ, ಬಟಾಣಿ ಗೊಜ್ಜು, ಈರುಳ್ಳಿ, ಸೇವು. ತಣ್ಣಗಿನ ಮಜ್ಜಿಗೆ, ಬಿಸಿ ಆಲೂಗಡ್ಡೆ, ಎರಡೂ ಒಟ್ಟಿಗೆ ಬಾಯಿಗೆ. ಮೊದಲ ತುತ್ತಿಗೆ ಇದೇನಪ್ಪಾ ಅನ್ನಿಸುತ್ತೆ. ಮೂರನೆಯದಕ್ಕೆ ಇನ್ನೊಂದು ದೊನ್ನೆ ಹೇಳುತ್ತೀರಿ. ಬೆಣ್ಣೆ ದೋಸೆಯ ಊರಿಂದ ಬಂದ ಷಡ್ಡಕರು, ಹೊರಗಿನ ತಿಂಡಿ ಯಾವುದನ್ನೂ ಹೊಗಳದವರು, ಮೂರು ದೊನ್ನೆ ತಿಂದು ‘ಪರವಾಗಿಲ್ಲ’ ಅಂದರು. ಅವರ ಬಾಯಲ್ಲಿ ಅದು ಪದ್ಮಶ್ರೀ.

ಈ ಜಾತ್ರೆಯ ಇನ್ನೊಂದು ವಿಶೇಷ ಠುಂಕಾ ಪೂರಿ. ಮೊರದಷ್ಟು ಅಗಲ, ತೆಳ್ಳಗೆ. ನೋಡಲು ಚೆನ್ನ, ಎಣ್ಣೆ ಜಾಸ್ತಿ. ಛೆನಾ ಪೋಡಾ ಮಾತ್ರ ಬಿಡಬೇಡಿ. ಹಾಲು ಒಡೆಸಿದ ಗಿಣ್ಣನ್ನು ಸಕ್ಕರೆ ಸೇರಿಸಿ ಕಂದು ಬಣ್ಣ ಬರುವವರೆಗೂ ಸುಟ್ಟಿದ್ದು, ಅಂಚಿನಲ್ಲಿ ಕರಕಲು ರುಚಿ.

ಸಸ್ಯಾಹಾರಿಗಳಿಗೆ ಒಂದು ಸೂಚನೆ. ಕಾರ್ತಿಕ ತಿಂಗಳು ಅಲ್ಲಿ ಬಹಳ ಜನ ಮೀನು ಮಾಂಸ ಮುಟ್ಟಲ್ಲ. ಹುಣ್ಣಿಮೆಯ ಮಾರನೆ ದಿನ ‘ಛಾಡಖಾಇ’. ತಿಂಗಳ ಉಪವಾಸದ ಬಡ್ಡಿಯನ್ನೆಲ್ಲ ಅವತ್ತೇ ತೀರಿಸಿಕೊಳ್ಳುತ್ತಾರೆ. ಹುಣ್ಣಿಮೆ ದಿನ ಹಾಯಾಗಿ ತಿಂದುಕೊಂಡು ಓಡಾಡಿದ ನಾವು ಮಾರನೆ ದಿನ ಮೂಗು ಮುಚ್ಚಿಕೊಂಡು ಓಡಾಡಿದೆವು. ತಿನ್ನುವವರಿಗೆ ಅದೇ ಹಬ್ಬ.

ಬೆಳ್ಳಿ ತಂತಿಯ ಕೆಲಸದ ಅಂಗಡಿಯ ಮುಂದೆ ನನ್ನ ಹೆಂಡತಿ ಅರ್ಧ ಗಂಟೆ ನಿಂತಳು. ತಾರಕಸಿ ಅಂತಾರೆ. ಕಟಕ್‌ನ ತಾರಕಸಿಗೆ 2024ರಲ್ಲಿ ಜಿಐ, ಅಂದ್ರೆ ಇಂಥ ಊರಿನ ಮಾಲು ಅನ್ನುವ ಭೌಗೋಳಿಕ ಗುರುತಿನ, ಮಾನ್ಯತೆ ಸಿಕ್ಕಿದೆ. ಒಬ್ಬರು ಅಲ್ಲೇ ಕೂತು ಕೆಲಸ ಮಾಡುತ್ತಿದ್ದರು. ಕೂದಲಿನಷ್ಟು ಸಣ್ಣ ಬೆಳ್ಳಿ ತಂತಿ ಎರಡನ್ನು ಹೊಸೆದು, ತಟ್ಟಿ ಚಪ್ಪಟೆ ಮಾಡಿ, ಚಿಮುಟದಿಂದ ಸುರುಳಿ ಸುತ್ತಿ ಒಂದೊಂದೇ ಎಲೆ, ಒಂದೊಂದೇ ಹೂವು ಕೂರಿಸುತ್ತಿದ್ದರು. ಗಾಜಿನ ಪೆಟ್ಟಿಗೆಯಲ್ಲಿ ಅಂಗೈಯಗಲದ ಬೆಳ್ಳಿ ಹಡಗು ಇತ್ತು. ಹಾಯಿ, ಹಗ್ಗ, ಹುಟ್ಟು ಎಲ್ಲ ತಂತಿಯಲ್ಲೇ. ಬೆಲೆ ಕೇಳಿ ನಾವು ಹಡಗು ಬಿಟ್ಟು ಕಿವಿಗೆ ಒಂದು ಜೊತೆ ತಗೊಂಡೆವು. ಜಾತ್ರೆಯಲ್ಲಿ ಎಲ್ಲಾ ಬೆಳ್ಳಿಯೂ ಬೆಳ್ಳಿಯಲ್ಲ. ಒಂದು ಅಂಗಡಿಯವನು ನಮಗೆ ತೋರಿಸಿದ್ದು ಬರೀ ಬಿಳಿ ಲೋಹಕ್ಕೆ ಮೆರುಗು ಹಾಕಿದ್ದು, ನನ್ನ ಹೆಂಡತಿ ತಿಕ್ಕಿ ನೋಡಿ ಕಂಡುಹಿಡಿದಳು. ಬಿಲ್ಲು ಕೇಳಿ ತಗೊಳ್ಳಿ.

ಸೀರೆ ಅಂಗಡಿಯಲ್ಲಿ ಅವಳಿಗೆ ಇನ್ನೊಂದು ಪಾಠ ಆಯಿತು. ನೂಲಿಗೆ ಮೊದಲೇ ಗಂಟು ಕಟ್ಟಿ ಬಣ್ಣ ಅದ್ದಿ, ಆಮೇಲೆ ನೇಯುವ ಸೀರೆಗೆ ಒಡಿಶಾದವರು ‘ಬಾಂಧ’ ಅಂತಾರೆ. ಬೇರೆ ಕಡೆ ಹೆಚ್ಚಾಗಿ ಅದಕ್ಕೆ ‘ಇಕತ್’. ಈ ಇಕತ್ ಅನ್ನುವುದು ಇಂಡೋನೇಷ್ಯಾ, ಮಲಯ ಕಡೆಯ ಮಾತು, ಕಟ್ಟು ಅಂತ ಅರ್ಥ. ಅವರೂ ಹೀಗೇ ನೇಯುತ್ತಾರೆ. ಇಷ್ಟೆಲ್ಲ ಕೇಳಿಯೂ ‘ನಮ್ಮ ಮೊಳಕಾಲ್ಮೂರು ರೇಷ್ಮೆ ಮುಂದೆ ಇದೇನಿಲ್ಲ ಬಿಡಿ’ ಅಂತ ಕನ್ನಡದಲ್ಲಿ ಹೇಳಿ, ಎರಡು ಸೀರೆ ತಗೊಂಡಳು.

ಕಡಲ ಚರಿತ್ರೆ ತಿಳಿಯಬೇಕು ಅಂತ ಹೋಗುವವರಿಗೆ ಜಾತ್ರೆಗಿಂತ ಜೋಬ್ರಾದಲ್ಲಿರುವ ಒಡಿಶಾ ರಾಜ್ಯ ಕಡಲ ಮ್ಯೂಸಿಯಂ ಒಳ್ಳೆಯದು. ಅದೂ ಮಹಾನದಿ ದಡದಲ್ಲೇ ಇದೆ. ಬ್ರಿಟಿಷರು ಕಾಲುವೆ ಕೆಲಸಕ್ಕೆ ಕಟ್ಟಿಸಿದ್ದ ಹಳೆ ವರ್ಕ್‌ಶಾಪನ್ನೇ ಮ್ಯೂಸಿಯಂ ಮಾಡಿದ್ದಾರೆ. ಹಳೆ ಯಂತ್ರಗಳೂ ಇವೆ, ದೋಣಿ ಹಡಗುಗಳ ಮಾದರಿಗಳೂ ಇವೆ. ಜಾತ್ರೆಗೆ ಬಂದ ಅಷ್ಟು ಜನರಲ್ಲಿ ಇಲ್ಲಿಗೆ ಬಂದವರು ಬೆರಳೆಣಿಕೆ. 2022ರಲ್ಲಿ ಇದೇ ಜಾತ್ರೆಯಲ್ಲಿ ಶಾಲೆ ಮಕ್ಕಳು 22,473 ಕಾಗದದ ದೋಣಿ ಮಾಡಿ ಗಿನ್ನೆಸ್ ದಾಖಲೆ ಮಾಡಿದ್ದರು. ಆ ಮಕ್ಕಳನ್ನೆಲ್ಲ ಒಂದು ಸಲ ಇಲ್ಲಿಗೆ ಕರೆತಂದರೆ ಚೆನ್ನಾಗಿರುತ್ತೆ.

ಈಗ ಮಗಳ ಕ್ಲಾಸಿನ ವಿಷಯ. ‘ಅಪ್ಪಾಜಿ, ನೀನು ಕೂತಿರೋ ಜಾತ್ರೆಗೂ ನಿನ್ನ ಕಸುಬಿಗೂ ಸಂಬಂಧ ಐತೆ, ಗೊತ್ತಾ?’ ಅಂತ ಶುರು ಮಾಡಿದಳು. ಅಡಿಕೆ ಮರ ಮೂಲದಲ್ಲಿ ನಮ್ಮದಲ್ಲವಂತೆ, ಆಗ್ನೇಯ ಏಷ್ಯಾದ ದ್ವೀಪಗಳ ಕಡೆಯದು. ವೀಳ್ಯದೆಲೆ ಬಳ್ಳಿಯೂ ಅಷ್ಟೇ. ಎರಡೂ ಕಡಲು ದಾಟಿ ನಮ್ಮ ಕಡೆ ಬಂದವು. ಮಲೇಷ್ಯಾದ ಪೆನಾಂಗ್ ಇದೆಯಲ್ಲ, ಅದರ ಹೆಸರಿನ ಅರ್ಥವೇ ಅಡಿಕೆ ದ್ವೀಪ. ಇನ್ನು ಇಂಗ್ಲಿಷಿನವರು ಅಡಿಕೆಗೆ ‘ಅರೆಕಾ’ ಅನ್ನುವುದು ಮಲಯಾಳದ ಅಡಯ್ಕ್ಕ ಪೋರ್ಚುಗೀಸರ ಬಾಯಲ್ಲಿ ತಿರುಗಿ ಆದದ್ದು. ಅಡಯ್ಕ್ಕ, ಅಡಿಕೆ, ಎರಡೂ ಅಕ್ಕತಂಗಿ. ಕಾಯಿ ಆ ಕಡೆಯಿಂದ ಬಂತು, ಹೆಸರು ಈ ಕಡೆಯಿಂದ ಹೋಯಿತು.

ನಾನು ನಂಬಲಿಲ್ಲ. ಯಾಕೆಂದರೆ ಇಂಡೋನೇಷ್ಯಾ ಅನ್ನುವ ಹೆಸರು ನಮ್ಮ ಮಂಡಿಯಲ್ಲಿ ಬೈಗುಳ. ಅಲ್ಲಿಂದ ಅಡಿಕೆ ಬಂತು ಅಂತ ಸುದ್ದಿ ಹಬ್ಬಿದರೆ ಸಾಕು, ಇಲ್ಲಿ ರೇಟ್ ಅಲ್ಲಾಡುತ್ತೆ. ಆಮದು ಅಡಿಕೆಗೆ ಸರ್ಕಾರ ಕಿಲೋಗೆ 251 ರೂಪಾಯಿ ಇದ್ದ ಕನಿಷ್ಠ ದರವನ್ನು 2023ರಲ್ಲಿ 351ಕ್ಕೆ ಏರಿಸಿದಾಗ ನಮ್ಮ ಬೀದಿಯವರು ನಿಟ್ಟುಸಿರು ಬಿಟ್ಟಿದ್ದರು. ಅಂಥದ್ದರಲ್ಲಿ ‘ನಿನ್ನ ಅಡಿಕೆಯ ತವರುಮನೆ ಅದೇ’ ಅಂದರೆ? ಹಡಗಿನ ಜಾತ್ರೆಯಲ್ಲಿ ಎಲೆ ಅಡಿಕೆ ಇಟ್ಟು ಆ ದಿಕ್ಕಿಗೆ ಬಿಟ್ಟು ಬಂದವನು ನಾನೇ ತಾನೇ.

ಅವಳು ಅಷ್ಟಕ್ಕೇ ಬಿಡಲಿಲ್ಲ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅನ್ನುವ ಪುರಾತತ್ವ ತಜ್ಞರು ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಬ್ರಹ್ಮಗಿರಿಯಲ್ಲೂ ಅಗೆಸಿದ್ದರು. ಚಂದ್ರವಳ್ಳಿಯಲ್ಲಿ ರೋಮ್ ದೇಶದ ಅಗಸ್ಟಸ್, ಟೈಬೀರಿಯಸ್ ರಾಜರ ಬೆಳ್ಳಿ ನಾಣ್ಯ ಸಿಕ್ಕಿವೆ. ಜೊತೆಗೆ ಒಂದು ಜಾತಿಯ ಮಣ್ಣಿನ ತಟ್ಟೆಯ ಚೂರು, ಒಳತಳದಲ್ಲಿ ಹಲ್ಲುಚಕ್ರ ಉರುಳಿಸಿದ ಹಾಗೆ ಸುತ್ತು ಸುತ್ತು ಚುಕ್ಕಿ ಗೆರೆ ಇರುವಂಥದ್ದು. ಅದೇ ಜಾತಿಯ ತಟ್ಟೆ ಪುದುಚೇರಿ ಹತ್ತಿರದ ಅರಿಕಮೇಡಿನಲ್ಲೂ ಸಿಕ್ಕಿದೆ, ಬಾಲಿ ದ್ವೀಪದ ಸೆಂಬಿರನ್ ಅನ್ನುವ ಊರಲ್ಲೂ ಸಿಕ್ಕಿದೆ. ಚಂದ್ರವಳ್ಳಿ ಅಂದ್ರೆ ನಮಗೆ ಕೆರೆ, ಗುಹೆ, ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗುವ ಜಾಗ. ನಾನು ಹೈಸ್ಕೂಲಿನಲ್ಲಿ ಇದ್ದಾಗಿಂದ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಒಂದು ಸಲವೂ ಸಮುದ್ರ ನೆನಪಾಗಿರಲಿಲ್ಲ.

ಹೋಗಬೇಕಾ ಅಂತ ಕೇಳಿದರೆ, ಹೋಗಿ. ಪುರಿಗೆ ಹೇಗೂ ಹೋಗುವವರು ಅದನ್ನು ಕಾರ್ತಿಕ ಹುಣ್ಣಿಮೆಗೆ ಹೊಂದಿಸಿಕೊಳ್ಳಿ. ಕಟಕ್‌ಗೆ ಎರಡು ರಾತ್ರಿ ಸಾಕು. ಸಣ್ಣ ಮಕ್ಕಳು, ಉಬ್ಬಸ ಇರುವವರು ಸಂಜೆಯ ಧೂಳಿಗೆ ಹೋಗಬೇಡಿ. ಚಿಲ್ಲರೆ ಇಟ್ಟುಕೊಳ್ಳಿ, ರಶ್ಶಿನಲ್ಲಿ ಫೋನ್ ಪೇ ಕೈಕೊಡುತ್ತೆ. ನೀರಿಗಿಳಿಯುವಾಗ ಚಪ್ಪಲಿ ಕೈಯಲ್ಲಿ ಹಿಡಿದುಕೊಳ್ಳಿ, ನನ್ನದು ಹೋಯಿತು.

ಊರಿಗೆ ಬಂದ ಮಾರನೆ ದಿನ ಗೋದಾಮಿಗೆ ಹೋದೆ. ಅಂಗಿ ಜೇಬಲ್ಲಿ ಆ ಹೆಂಗಸು ಕೊಟ್ಟ ಅಡಿಕೆ ಹಾಗೇ ಇತ್ತು. ಗ್ರೇಡ್ ಮಾಡುವ ನಮ್ಮ ಹಳೆ ಆಳು ಕೂತಿದ್ದ. ಅವನ ಕೈಗೆ ಕೊಟ್ಟು ‘ಇದು ಯಾವ ಕಡೆ ಮಾಲು ಹೇಳು ನೋಡೋಣ’ ಅಂದೆ. ಅವನು ಮೂಸಿದ. ಅಡಕತ್ತರಿಯಲ್ಲಿ ಎರಡು ಹೋಳು ಮಾಡಿ ಒಳಗಿನ ಗೆರೆ ನೋಡಿದ. ಒಂದು ಚೂರು ಬಾಯಿಗೆ ಹಾಕಿಕೊಂಡು ಅಗಿದು ಪಕ್ಕಕ್ಕೆ ಉಗಿದ.

‘ಇಂಡೋನೇಷ್ಯಾದ್ದು ಕಣಣ್ಣಾ. ಯಾರು ತಂದ್ರು ಇದನ್ನ ಇಲ್ಲಿಗೆ?’